ಆರಿಂಚಿನ ಮೂಳೆ, ಎರಡಕ್ಷರದ ಹೆಸರು

1839ರ ಅಕ್ಟೋಬರ್‌ನಲ್ಲಿ ಜಾನ್ ರೂಲ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಒಂದು ಮೂಳೆಯ ತುಣುಕು ತಂದರು. ನ್ಯೂಜಿಲೆಂಡಿನದು, ಬೆಲೆ 10 ಗಿನಿ. ಉದ್ದ 6 ಇಂಚು, ಎರಡೂ ತುದಿ ಮುರಿದಿತ್ತು. ಪೂರ್ತಿ ಕಲ್ಲಾಗಿಯೂ ಇರಲಿಲ್ಲ. ಅದನ್ನು ನೋಡಬೇಕಾಗಿ ಬಂದ ರಿಚರ್ಡ್ ಓವೆನ್‌ಗೆ ಆಗ 35 ವರ್ಷ. ಖಾನಾವಳಿಯಲ್ಲಿ ಯಾರೋ ಮಜ್ಜೆ ಹೀರಿ ಎಸೆದ ದನದ ಮೂಳೆ ಎಂದೇ ಅವರಿಗೆ ಮೊದಲು ಅನ್ನಿಸಿತು.

ಉದ್ದ ಮೂಳೆಯೊಂದರ ಗುರುತು ಇರುವುದು ಹೆಚ್ಚಾಗಿ ಅದರ ತುದಿಗಳಲ್ಲಿ, ಕೀಲು ಕೂಡುವಲ್ಲಿ. ನಡುವಿನ ಕೊಳವೆ ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಪ್ರತ್ಯಯವೆಲ್ಲ ಉದುರಿದ ಒಂದು ಧಾತು ಕೊಟ್ಟು, ಇದು ಯಾವ ಭಾಷೆ ಹೇಳಿ ಎಂದರೆ ನಾವು ಪೇಚಾಡುತ್ತೇವಲ್ಲ, ಹಾಗೆ. ಓವೆನ್ ಮಾಡಿದ್ದು ಭಾಷಾಶಾಸ್ತ್ರದವರಿಗೆ ಪರಿಚಯವಿರುವ ಕೆಲಸವೇ: ಹೋಲಿಕೆ. ಸಂಗ್ರಹಾಲಯದಲ್ಲಿದ್ದ ಅಸ್ಥಿಪಂಜರಗಳ ಪಕ್ಕ ತುಣುಕನ್ನು ಇಟ್ಟು ನೋಡಿದರು. ಎತ್ತಿಗೆ ಹೊಂದಲಿಲ್ಲ, ಬೇರೆ ದೊಡ್ಡ ಪ್ರಾಣಿಗಳಿಗೂ ಹೊಂದಲಿಲ್ಲ. ಒಳಗೋಡೆಯಲ್ಲಿದ್ದ ಒರಟು ಜಾಲರಿಯಂಥ ರಚನೆ ಕೊನೆಗೆ ಉಷ್ಟ್ರಪಕ್ಷಿಯ ತೊಡೆಮೂಳೆಯ ಹತ್ತಿರ ಬಂತು. ಆದರೆ ಇದು ಅದಕ್ಕಿಂತ ದಪ್ಪ. ಹಕ್ಕಿ ಇನ್ನೂ ಭಾರದ್ದು, ನಿಧಾನದ್ದು ಇರಬೇಕು.

ನವೆಂಬರ್ 12ರಂದು ಝೂಲಾಜಿಕಲ್ ಸೊಸೈಟಿಯ ಮುಂದೆ ಅವರು ಇದನ್ನು ಹೇಳಿದರು. ಒಂದು ತುಂಡಿನ ಮೇಲೆ ಇಡೀ ಹಕ್ಕಿಯನ್ನೇ ಕಟ್ಟುವುದೇ ಎಂದು ಅಚ್ಚಿಗೆ ಹಾಕುವವರು ಹಿಂಜರಿದರು. ಲೇಖನದ 100 ಹೆಚ್ಚುವರಿ ಪ್ರತಿಗಳು ನ್ಯೂಜಿಲೆಂಡಿಗೆ ಹೋದವು. 1843ರಲ್ಲಿ ಅಲ್ಲಿಂದ ಮೂಳೆಗಳ ಪೆಟ್ಟಿಗೆ ಬಂತು. ಹಕ್ಕಿಯೇ! ಓವೆನ್ ಅದಕ್ಕೆ 'ಡೈನಾರ್ನಿಸ್' ಎಂದು ಹೆಸರಿಟ್ಟರು, ಭಯಂಕರ ಪಕ್ಷಿ. ಹಿಂದಿನ ವರ್ಷವಷ್ಟೇ 'ಡೈನೊಸಾರ್' ಪದವನ್ನು ಟಂಕಿಸಿದವರೂ ಅವರೇ. ಗ್ರೀಕಿನ ಅದೇ ವಿಶೇಷಣ ಇನ್ನೂ ಕೈಯಲ್ಲೇ ಇದ್ದಿರಬೇಕು.

ಒಂದೇ ಮೂಳೆಯಿಂದ ಹಕ್ಕಿಯನ್ನು ಕಂಡುಹಿಡಿದ ಮಹಾನುಭಾವ ಎಂಬ ಕಥೆ ಹುಟ್ಟಿದ್ದು ಹೀಗೆ. ಈ ಕಥೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಯಾಕೆಂದರೆ ರೂಲ್ ತಂದದ್ದು ಮೂಳೆಯನ್ನಷ್ಟೇ ಅಲ್ಲ. ಅವರ ಪತ್ರದಲ್ಲಿ, ಇದು ಅಳಿದುಹೋದ ಒಂದು ಹಕ್ಕಿಯದು, ಹದ್ದಿನ ಜಾತಿಯದು ಎಂದು ಅಲ್ಲಿನ ಜನ ಹೇಳುತ್ತಾರೆ ಎಂಬ ಮಾತಿತ್ತು. ಹಕ್ಕಿಯ ಹೆಸರೂ ಇತ್ತು, ರೂಲ್ ಕಿವಿಗೆ ಬಿದ್ದಂತೆ: 'ಮೋವಿ'. ಹದ್ದಲ್ಲ ಎಂದು ತೋರಿಸಿದ್ದು ಓವೆನ್ ಅವರ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಹಕ್ಕಿ' ಎಂಬುದು ಮೂಳೆಯ ಜೊತೆಗೇ ಹಡಗು ಹತ್ತಿತ್ತು. ಕೇಳಿದ ಮಾತನ್ನು ನಂಬದೆ ಪರೀಕ್ಷಿಸುವುದು ಸರಿ. ಪರೀಕ್ಷೆಯಲ್ಲಿ ಆ ಮಾತು ಗೆದ್ದ ಮೇಲೆ, ಹೇಳಿದವರನ್ನು ಕಥೆಯಿಂದ ಬಿಡುವುದು ಬೇರೆ ವಿಷಯ.

ಆ ಹೆಸರನ್ನೇ ಸ್ವಲ್ಪ ನೋಡಿ. ಮಾವೊರಿಯಲ್ಲಿ ಅದು 'ಮೋವಾ'. ಹವಾಯಿ, ತಹಿತಿ, ಸಮೋವಾ, ಟೊಂಗಾ ಭಾಷೆಗಳಲ್ಲೂ ಇದೇ ಪದವಿದೆ, ಆದರೆ ಅರ್ಥ ಸಾಕುಕೋಳಿ! ಸುಮಾರು 1300ರ ಹೊತ್ತಿಗೆ ದೋಣಿಗಳಲ್ಲಿ ನ್ಯೂಜಿಲೆಂಡಿಗೆ ಬಂದವರ ಕೋಳಿಗಳು ಆ ನೆಲದಲ್ಲಿ ಉಳಿಯಲಿಲ್ಲ. ಪದ ಉಳಿಯಿತು. ಎದುರಿಗೆ ರೆಕ್ಕೆಯೇ ಇಲ್ಲದ, ಮನುಷ್ಯನಿಗಿಂತ ಎತ್ತರದ ಹಕ್ಕಿ ನಿಂತಾಗ ಅದನ್ನೇ ಕೊಟ್ಟರು. ನಗಬೇಡಿ. ಪೋರ್ಚುಗೀಸರ ಜೊತೆ ಕೆಂಪು ಕಾಯಿ ಬಂದಾಗ ನಾವು ಕರಿಮೆಣಸಿನ ಹೆಸರನ್ನೇ ಎಳೆದು 'ಮೆಣಸಿನಕಾಯಿ' ಮಾಡಿದೆವು. ಉಷ್ಟ್ರಪಕ್ಷಿ ಎಂದರೂ ಒಂಟೆಹಕ್ಕಿಯೇ.

ಒಂದೆರಡು ಶತಮಾನದೊಳಗೆ ಮೋವಾಗಳನ್ನು ಬೇಟೆಯಾಡಿ ಮುಗಿಸಿದರು. ನೆನಪು ಮಸುಕಾಯಿತು. 1838ರಲ್ಲಿ ಮಿಷನರಿ ವಿಲಿಯಂ ಕೊಲೆನ್ಸೊ ಕೇಳಿದ ವರ್ಣನೆಯಲ್ಲಿ ಅದು ಫಾಕಾಪುನಾಕೆ ಬೆಟ್ಟದ ಗುಹೆಯಲ್ಲಿ ಗಾಳಿ ಕುಡಿದು ಬದುಕುವ, ಮನುಷ್ಯಮುಖದ ಪ್ರಾಣಿ. ಕೇಳಿದರೆ ಕಟ್ಟುಕಥೆ. ಆದರೆ ಅದೇ ವರ್ಣನೆ ಅದನ್ನು ದೈತ್ಯಾಕಾರದ ಹುಂಜಕ್ಕೂ ಹೋಲಿಸುತ್ತದೆ. ಐನೂರು ವರ್ಷಗಳ ಹಿಂದೆ ಕಳೆದ ಕೋಳಿಯ ಅರ್ಥ ಪದದ ತಳದಲ್ಲಿ ಉಳಿದಿತ್ತೋ, ಹಕ್ಕಿಯದೇ ಚಹರೆ ನೆನಪಿತ್ತೋ. ನನ್ನ ಒಲವು ಎರಡನೆಯದರ ಕಡೆಗೆ. ಮುಂದೆ ಯುರೋಪಿಯನ್ನರ ಜೊತೆ ನಿಜವಾದ ಕೋಳಿ ಬಂದಾಗ ಹಳೆಯ ಹೆಸರು ಖಾಲಿ ಇರಲಿಲ್ಲ. ಮಾವೊರಿಯಲ್ಲಿ ಕೋಳಿಗೆ ಈಗ 'ಹೇಹೇ' ಎನ್ನುತ್ತಾರೆ.

ಇನ್ನು ಆ ಹದ್ದು. ನ್ಯೂಜಿಲೆಂಡಿನಲ್ಲಿ ನಿಜಕ್ಕೂ ಒಂದು ದೈತ್ಯ ಹದ್ದಿತ್ತು. ಅದರ ಮೂಳೆಗಳು 1871ರಲ್ಲಿ ಸಿಕ್ಕವು. ಅವುಗಳನ್ನು ಗುರುತಿಸಿ ವಿವರಿಸಿದವರು ಯೂಲಿಯಸ್ ಫಾನ್ ಹಾಸ್ಟ್. ಅದರ ಆಹಾರ ಮೋವಾ. ಕೆಲವು ಮೋವಾಗಳ ಸೊಂಟದ ಮೂಳೆಯಲ್ಲಿ ಆ ಉಗುರು ಇಳಿದ ತೂತುಗಳು ಇವತ್ತಿಗೂ ಕಾಣುತ್ತವೆ.