ಅಗುಳಿ ಪುರಾಣ: ಕೆರೆ ತೂಬಿನಿಂದ ವಿಮಾನದ ಕ್ಯಾನೊಪಿವರೆಗೆ

ಸುರಂಜನ್ ದಾಸ್ ಅಂದರೆ ಬೆಂಗಳೂರಿನ ಬಹಳಷ್ಟು ಜನಕ್ಕೆ ಅದೊಂದು ರಸ್ತೆ. ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಸೇರಿಸುವ, ಸದಾ ಟ್ರಾಫಿಕ್ ಜಾಮ್ ಇರುವ ರಸ್ತೆ. ಆ ಹೆಸರಿನ ಹಿಂದೆ ಒಬ್ಬ ಪೈಲಟ್ ಇದ್ದಾರೆ, ಅವರ ಸಾವಿನ ಹಿಂದೆ ಒಂದು ಅಗುಳಿ ಇದೆ ಅನ್ನೋದು ನನಗೆ ಗೊತ್ತಾಗಿದ್ದು ರೇಡಿಯೊ ಕಂಟ್ರೋಲ್ ವಿಮಾನಗಳ ಹುಚ್ಚು ಹತ್ತಿದ ಮೇಲೆ.

ಕಥೆ ಹೀಗಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕೆ-ವುಲ್ಫ್ ವಿಮಾನಗಳನ್ನು ಮಾಡಿಕೊಟ್ಟ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ಅಲ್ಲಿ ಹುಟ್ಟಿದ್ದು ಎಚ್‌ಎಫ್-24 ಮಾರುತ್ ಯುದ್ಧವಿಮಾನ. ಅದಕ್ಕೂ ಮೊದಲು ಮಾಡಿದ್ದೇನು ಗೊತ್ತಾ? ಅದೇ ಅಳತೆಯ ಮರದ ಗ್ಲೈಡರ್! 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆಳೆದು ಬಿಟ್ಟು ಹಾರಿಸಿ ನೋಡಿದರು. ನಾವು ಮಾಡುವ ಮಾಡೆಲ್‌ಗಳ ದೊಡ್ಡಣ್ಣ ಅಂತ ಬೇಕಾದರೆ ಕರೆಯಿರಿ. :) ಅದನ್ನು ಹಾರಿಸಿದವರು ಸುರಂಜನ್ ದಾಸ್. 1961ರ ಜೂನ್ 17ರಂದು ನಿಜವಾದ ಮಾರುತ್‌ನ ಮೊದಲ ಹಾರಾಟ ಮಾಡಿದವರೂ ಅವರೇ.

ಮಾರುತ್‌ನ ದೊಡ್ಡ ಕೊರತೆ ಎಂಜಿನ್ ಶಕ್ತಿ. ಅದನ್ನು ಸರಿಪಡಿಸಲು ಆಫ್ಟರ್‌ಬರ್ನರ್ ಇರುವ ಒಂದು ಮಾದರಿ ಮಾಡಿದರು. 1970ರ ಜನವರಿ 10ರಂದು ಅದನ್ನು ಪರೀಕ್ಷಿಸಲು ಹೊರಟ ದಾಸ್, ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಅಪಘಾತದಲ್ಲಿ ತೀರಿಕೊಂಡರು. ಇಡೀ ದೇಶದ ಕಣ್ಣಿದ್ದಿದ್ದು ಎಂಜಿನ್ ಮೇಲೆ. ಆದರೆ ಕೈಕೊಟ್ಟಿದ್ದು ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳದ, ಅಂದರೆ ಕ್ಯಾನೊಪಿಯ, ಲಾಕ್.

ಒಂದು ಮುಚ್ಚಳ ತೆರೆದುಕೊಂಡರೆ ವಿಮಾನವೇ ಬೀಳುತ್ತಾ ಅಂತ ನೀವು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ.

ಉಬ್ಬಿದ ಮುಚ್ಚಳದ ಮೇಲೆ ಗಾಳಿ ಜೋರಾಗಿ ಹರಿಯುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತೆ. ಒಳಗಿನ ಗಾಳಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತೆ. ನಮ್ಮ ಆಟದ ವಿಮಾನದ್ದೇ ತಗೊಳ್ಳಿ: 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಮುಚ್ಚಳ, ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗ. ಆಗ ಗಾಳಿಯ ಒತ್ತಡ ಸುಮಾರು 245 ಪ್ಯಾಸ್ಕಲ್. ಅಷ್ಟೂ ಮೇಲಕ್ಕೆ ಎಳೆಯಿತು ಅಂದುಕೊಂಡರೆ ಅರ್ಧ ಕಿಲೋ ತೂಕದಷ್ಟು ಎಳೆತ. ಡೈವ್ ಹೊಡೆದು ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಅಂದರೆ ಎರಡು ಕಿಲೋ. ನಿಜವಾದ ಜೆಟ್‌ನ ವೇಗ, ಗಾತ್ರ ಎಷ್ಟು ಅಂತ ನೀವೇ ಊಹಿಸಿ. ಮುಂದಿನ ಅಂಚು ಒಂದು ಸಲ ಎದ್ದರಂತೂ ಗಾಳಿ ಒಳಗೆ ನುಗ್ಗಿ ಮುಚ್ಚಳ ಕೊಡೆಯ ಹಾಗೆ ಅರಳಿಕೊಳ್ಳುತ್ತೆ, ಹಿಂದಿನ ಬಾಲಕ್ಕೆ ಹೋಗುವ ಗಾಳಿಯೂ ಕೆಡುತ್ತೆ.

ಇದನ್ನೆಲ್ಲ ಒಮ್ಮೆ ಊರಲ್ಲಿ ಮಾವನಿಗೆ ವಿವರಿಸುತ್ತಿದ್ದೆ. ನಮ್ಮೂರು ಶಿಕಾರಿಪುರ, ಅಮ್ಮನ ತವರು ಸೊರಬದ ಕಡೆ. ಕೊಯ್ಲು ಮುಗಿದ ಗದ್ದೆಗಿಂತ ಒಳ್ಳೆ ರನ್‌ವೇ ಎಲ್ಲಿ ಸಿಗಬೇಕು? ಮಾವ ಎಲ್ಲಾ ಕೇಳಿ, "ಅಲ್ಲ ಮಾರಾಯ, ಕೆರೆ ತೂಬು ನೋಡಿದೀಯಲ? ಅಲ್ಲಿ ನೀರೇ ಒತ್ತಿ ಹಿಡ್ಕೊಳ್ತದೆ, ಅಗುಳಿ ಯಾಕೆ ಬೇಕು?" ಅಂದ್ರು.

ಮಾವ ಹೇಳಿದ್ದು ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷದಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಡದ ಪಾಠ. ಶಿಕಾರಿಪುರ, ಸೊರಬ ಎರಡೂ ಕೆರೆಗಳ ಸೀಮೆ. ಬಿ.ಎಲ್. ರೈಸ್ ಪ್ರಕಟಿಸಿದ ಶಾಸನ ಸಂಪುಟಗಳಲ್ಲಿ ಶಿಕಾರಿಪುರದ್ದು ಏಳನೆಯದರಲ್ಲಿ, ಸೊರಬದ್ದು ಎಂಟನೆಯದರಲ್ಲಿ ಇವೆ. ಕೆರೆ ಕಟ್ಟಿಸಿದ್ದು, ಕೆರೆಗೆ ದತ್ತಿ ಬಿಟ್ಟಿದ್ದು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಹಳೇ ತೂಬಿನಲ್ಲಿ ನೀರೊಳಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಕಲ್ಲು, ಕೆಳಗೆ ತೂತು. ಆ ತೂತಿಗೆ ಮೇಲಿನಿಂದ ಉದ್ದನೆ ಕೋಲಿನ ತುದಿಯ ಬಿರಡೆ ಇಳಿಯುತ್ತೆ. ಮೂರು ಮೀಟರ್ ಆಳದಲ್ಲಿ 15 ಸೆಂ.ಮೀ. ಅಗಲದ ತೂತಿನ ಮೇಲೆ ನೀರು ಹಾಕುವ ಭಾರ ಸುಮಾರು 53 ಕಿಲೋ. ನೀರು ಹೆಚ್ಚಿದಷ್ಟೂ ಬಿರಡೆ ಬಿಗಿ. ಯಾವ ಬಲವನ್ನು ತಡೆಯಬೇಕೋ ಅದೇ ಬಲ ಬಾಗಿಲು ಕಾಯುತ್ತೆ!

ಪ್ರಯಾಣಿಕರ ವಿಮಾನಗಳ ಎಷ್ಟೋ ಬಾಗಿಲುಗಳು ಕೆಲಸ ಮಾಡೋದೂ ಹೀಗೇ. ಒಳಗಿನ ಗಾಳಿಯ ಒತ್ತಡವೇ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತೆ. ಈ ನಿಯಮ ಬಿಟ್ಟು ಹೊರಕ್ಕೆ ತೆರೆಯುವ ಬಾಗಿಲು ಇಟ್ಟರೆ ಎಲ್ಲಾ ಭಾರ ಅಗುಳಿಯ ಮೇಲೆ. ಡಿಸಿ-10 ವಿಮಾನದ ಸರಕಿನ ಬಾಗಿಲು ಹಾಗಿತ್ತು. ಅಗುಳಿಗಳು ಪೂರ್ತಿ ಕೂರದಿದ್ದರೂ ಹೊರಗಿನ ಹಿಡಿ ಮುಚ್ಚಿಕೊಳ್ಳುತ್ತಿತ್ತು. 1972ರಲ್ಲಿ ಕೆನಡಾದ ವಿಂಡ್ಸರ್ ಬಳಿ ಬಾಗಿಲು ಹಾರಿಹೋಗಿ ಪೈಲಟ್ ಹೇಗೋ ಇಳಿಸಿದ. 1974ರ ಮಾರ್ಚ್ 3ರಂದು ಪ್ಯಾರಿಸ್ ಬಳಿ ಮತ್ತೆ ಅದೇ ಆಯಿತು, 346 ಜನ ಸತ್ತರು. "ಮುಚ್ಚಿದೆ" ಅಂತ ಕಾಣೋದು ಬೇರೆ, ಮುಚ್ಚಿರೋದು ಬೇರೆ.

ಯುದ್ಧವಿಮಾನದ ಕ್ಯಾನೊಪಿಗೆ ಇನ್ನೊಂದು ಪೇಚಾಟ. ಹಾರುವಾಗ ಅಲುಗಾಡಬಾರದು, ಅಪಾಯ ಬಂದರೆ ಕ್ಷಣದಲ್ಲಿ ಕಳಚಿ ಹೋಗಬೇಕು. ಹಳೇ ಸ್ಪಿಟ್‌ಫೈರ್‌ನಲ್ಲಿ, ಮುಚ್ಚಳ ಸಿಕ್ಕಿಕೊಂಡರೆ ಒಡೆಯೋಕೆ ಅಂತ ಬಾಗಿಲಿಗೇ ಒಂದು ಪುಟ್ಟ ಹಾರೆ ಸಿಕ್ಕಿಸಿರುತ್ತಿದ್ದರು. ಬಿಗಿಯೂ ಇರಬೇಕು, ಸಲೀಸೂ ಇರಬೇಕು. ಅಗುಳಿಯ ಇಡೀ ಇತಿಹಾಸವೇ ಈ ಜಗಳ.

ಆಟದ ವಿಮಾನಗಳ ಇತಿಹಾಸದಲ್ಲೂ ಅದೇ ಜಗಳ ಕಾಣುತ್ತೆ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು 1937ರಲ್ಲಿ ರೇಡಿಯೊದಿಂದ ಹಾರಿಸಿದ 'ಗಫ್' ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ಕಾಲದ ಮಾಡೆಲ್‌ಗಳಲ್ಲಿ ರೆಕ್ಕೆಯನ್ನೇ ರಬ್ಬರ್ ಬ್ಯಾಂಡಿನಿಂದ ಕಟ್ಟೋದು ರೂಢಿ. ಪೆಟ್ರೋಲ್ ಎಂಜಿನ್ ವಿಮಾನದಲ್ಲಿ ಮುಚ್ಚಳ ದಿನಕ್ಕೊಮ್ಮೆ ತೆಗೆದರೂ ಸಾಕಿತ್ತು, ನಾಲ್ಕು ಸ್ಕ್ರೂ ಹಾಕಿದರೆ ಮುಗೀತು. ಬ್ಯಾಟರಿ ಬಂದ ಮೇಲೆ ಕಥೆ ಬದಲಾಯಿತು. 1957ರಲ್ಲಿ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ 'ರೇಡಿಯೊ ಕ್ವೀನ್' ಅನ್ನು ವಿದ್ಯುತ್ ಮೋಟಾರಿನಿಂದ ಹಾರಿಸಿದರು. ಈಗಿನ ಲಿಥಿಯಂ ಬ್ಯಾಟರಿಯನ್ನು ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಬೇಕು. ಪ್ರತಿ ಸಲ ಸ್ಕ್ರೂ ಬಿಚ್ಚೋರು ಯಾರು? ಅಷ್ಟರಲ್ಲಿ, 1980ರ ದಶಕದಲ್ಲಿ, ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆಬೇರೆಯಾಗಿ ಕಂಡುಹಿಡಿದ ನಿಯೋಡಿಮಿಯಂ ಆಯಸ್ಕಾಂತ ಇತ್ತು. ಮುಂದೆ ಅದು ಅಗ್ಗವಾಗಿ ನಮ್ಮ ಕೈಗೂ ಸಿಕ್ಕಿತು.

ಆಯಸ್ಕಾಂತ ಸುಲಭ ನಿಜ. ಆದರೆ ನಡುವೆ ಒಂದು ಮಿಲಿಮೀಟರ್ ಸಂದಿ ಬಿಟ್ಟರೂ ಹಿಡಿತ ಬಹಳ ಕುಸಿಯುತ್ತೆ. ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತವೆ. ಎಷ್ಟೋ ಸಲ ಬಿಟ್ಟುಕೊಡೋದು ಆಯಸ್ಕಾಂತ ಅಲ್ಲ, ಅದನ್ನು ಥರ್ಮೋಕೋಲ್‌ಗೆ ಅಂಟಿಸಿದ ಗೋಂದು. ಗೆಳೆಯನೊಬ್ಬನ ಮುಚ್ಚಳ ಸೊರಬದ ಹತ್ತಿರ ಹೀಗೇ ಹಾರಿಹೋಗಿ ಇವತ್ತಿಗೂ ಸಿಕ್ಕಿಲ್ಲ.

ಹಾಗಾದರೆ ಯಾವುದು ಒಳ್ಳೇದು? ನನ್ನ ಲೆಕ್ಕ ಇಷ್ಟು:

- ಮುಂದಿನ ಅಂಚನ್ನು ಆಯಸ್ಕಾಂತಕ್ಕೆ ನಂಬಿ ಬಿಡಬೇಡಿ. ಅಲ್ಲೊಂದು ನಾಲಿಗೆ ಮಾಡಿ ಬಾಡಿಯ ಕೆಳಗೆ ತೂರಿಸಿ. ಗಾಳಿಗೆ ಒಳಗೆ ನುಗ್ಗುವ ಸಂದಿಯೇ ಇರಬಾರದು.
- ಸಣ್ಣ, ನಿಧಾನದ ವಿಮಾನಕ್ಕೆ ಹಿಂದೆ ಆಯಸ್ಕಾಂತ ಸಾಕು. ಬಿದ್ದಾಗ ಮುಚ್ಚಳ ಮುರಿಯದೆ ಕಳಚಿಕೊಳ್ಳೋದೂ ಒಂದು ಲಾಭ.
- ವೇಗದ, ಭಾರದ ವಿಮಾನಕ್ಕೆ ಸ್ಪ್ರಿಂಗ್ ಚಿಲಕ ಹಾಕಿ. ಸೈಕಲ್ ಕಡ್ಡಿಯ ತುಂಡು, ಅದು ಸಲೀಸಾಗಿ ಓಡಾಡುವ ನಳಿಗೆ, ಬಾಲ್‌ಪೆನ್ನಿನ ಸ್ಪ್ರಿಂಗ್, ಇಷ್ಟೇ ಸಾಮಾನು. ಕಡ್ಡಿ ಮುಂದಕ್ಕೆ ಸರಿದರೆ ಲಾಕ್ ಆಗುವ ಹಾಗೆ ಕೂರಿಸಿ. ಮೂತಿ ನೆಲಕ್ಕೆ ಬಡಿದಾಗ ಒಳಗಿನದೆಲ್ಲ ಮುಂದಕ್ಕೆ ನುಗ್ಗುತ್ತೆ, ಆ ಹೊಡೆತವೇ ಚಿಲಕವನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತೆ. ಮಾವನ ತೂಬಿನ ಪಾಠ!
- ಕಡ್ಡಿಯ ತುದಿ ಹೊರಗಿನಿಂದ ಕಾಣಲಿ. ಕೆಂಪು ಬಣ್ಣ ಹಚ್ಚಿ, ಲಾಕ್ ಆಗದಿದ್ದರೆ ಮಾತ್ರ ಕೆಂಪು ಕಾಣುವಂತೆ ಮಾಡಿ.
- ಹಾರಿಸುವ ಮುಂಚೆ ಮುಚ್ಚಳ ಹಿಡಿದು ವಿಮಾನವನ್ನೇ ಎತ್ತಿ ನೋಡಿ. ವಿಮಾನದ ತೂಕವನ್ನು ತಡೆಯದ ಚಿಲಕ ಡೈವ್ ತಡೆಯುತ್ತೆ ಅಂತ ಹೇಗೆ ನಂಬೋದು?

ನಮ್ಮದು ಆಟ. ಮುಚ್ಚಳ ಹೋದರೆ ಹೋಗೋದು ಒಂದು ಭಾನುವಾರ, ಒಂದೆರಡು ಸಾವಿರ ರೂಪಾಯಿ. ದಾಸ್ ಅವರಿಗೆ ಹಾಗಿರಲಿಲ್ಲ. ಮಾರುತ್ 1971ರ ಯುದ್ಧದಲ್ಲಿ ಹೋರಾಡಿ, 1990ರವರೆಗೆ ಸೇವೆಯಲ್ಲಿತ್ತು. ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ನಿಂತಿದೆ. ಮಕ್ಕಳನ್ನು ಕರಕೊಂಡು ಹೋದರೆ ಎಂಜಿನ್, ರೆಕ್ಕೆ ಎಲ್ಲಾ ತೋರಿಸಿ, ಆಮೇಲೆ ಆ ಗಾಜಿನ ಮುಚ್ಚಳವನ್ನೂ ಒಂದು ನಿಮಿಷ ತೋರಿಸಿ.