ಬಿಟಿ ಬದನೆ: ಸಾರ್ವಜನಿಕ ಸಮಾಲೋಚನೆ (2010)

ಕುಲಾಂತರಿ ಬೆಳೆಯೊಂದರ ಬಗ್ಗೆ ಭಾರತ ಸರ್ಕಾರವೇ ಏಳು ನಗರಗಳಲ್ಲಿ ನಡೆಸಿದ ಬಹಿರಂಗ ಸಭೆಗಳ ಸರಣಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಕಾಯಿಕೊರಕ ಹುಳುವನ್ನು ಸಾಯಿಸುವ ಗುಣವನ್ನು ಗಿಡಕ್ಕೇ ಕೊಟ್ಟ ಬದನೆ ಇದು. ರೂಪಿಸಿದ್ದು ಮಹಾರಾಷ್ಟ್ರದ ಮಹಿಕೊ ಕಂಪನಿ. ಸ್ಥಳೀಯ ತಳಿಗಳಿಗೆ ಈ ಜೀನ್ ಸೇರಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಆ ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳ ಎಂಬ ಬದನೆಯೂ ಇತ್ತು. ಯತಿ ವಾದಿರಾಜರ ಪ್ರಸಾದವೆಂದು ನಂಬಿ ಬೆಳೆಯುವ ಕಾಯಿಯ ಹೆಸರು ಅಲ್ಲಿ ಕಂಡಾಗ ಕರಾವಳಿಯಲ್ಲಿ ಚರ್ಚೆ ಬರೀ ಕೀಟದ ಮಟ್ಟದಲ್ಲಿ ಉಳಿಯುವಂತಿರಲಿಲ್ಲ.

2009ರ ಅಕ್ಟೋಬರ್ 14ರಂದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ (ಜಿಇಎಸಿ) ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ಅಷ್ಟರಲ್ಲಾಗಲೇ ಅಪನಂಬಿಕೆ ಬೇರೂರಿತ್ತು. ಸುರಕ್ಷತಾ ಪರೀಕ್ಷೆಯ ಪೂರ್ಣ ದಾಖಲೆಗಳು ಹೊರಬರಲು ಮಾಹಿತಿ ಹಕ್ಕು ಅರ್ಜಿ, ಸುಪ್ರೀಂ ಕೋರ್ಟ್ ಎರಡೂ ಬೇಕಾದವು. ಪರೀಕ್ಷೆಗಳನ್ನು ಮಾಡಿಸಿದ್ದು ಬೀಜ ಮಾರಲಿರುವ ಕಂಪನಿಯೇ ಎಂಬುದು ಇನ್ನೊಂದು ಆಕ್ಷೇಪ. ಕರ್ನಾಟಕದ ರೈತರಿಗಂತೂ ಈ ಗುಮಾನಿ ಹಳೆಯದು: 1998ರ ನವೆಂಬರ್‌ನಲ್ಲಿ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಿತ್ತು.

ಪರಿಸರ ಸಚಿವ ಜೈರಾಂ ರಮೇಶ್ ಸಮಿತಿಯ ಒಪ್ಪಿಗೆಗೆ ಸಹಿ ಹಾಕದೆ ಜನರೆದುರು ಹೋದರು. 2010ರ ಜನವರಿ 13ರಂದು ಕೋಲ್ಕತ್ತದಲ್ಲಿ ಆರಂಭವಾದ ಸಭೆಗಳು ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಮುಗಿದವು. ರೈತರು, ವಿಜ್ಞಾನಿಗಳು, ಗ್ರಾಹಕರು ಸೇರಿ ಸುಮಾರು ಎಂಟು ಸಾವಿರ ಜನ ಬಂದಿದ್ದರು. ಕೂಗಾಟವೂ ಸಾಕಷ್ಟಿತ್ತು. ಮೂರೇ ದಿನಗಳಲ್ಲಿ, ಫೆಬ್ರುವರಿ 9ರಂದು, ಸಚಿವರು ಬಿಟಿ ಬದನೆಗೆ ತಡೆ ಘೋಷಿಸಿದರು. ಜನರ ಭಾವನೆ ವಿಜ್ಞಾನವನ್ನು ಸೋಲಿಸಿತೆಂದು ಹಲವು ವಿಜ್ಞಾನಿಗಳು ದೂರಿದರು. ಈ ದೂರು ಅರ್ಧ ಮಾತ್ರ ಸರಿ. ಒಪ್ಪಿಗೆ ಕೊಟ್ಟಾದ ಮೇಲೆ ಅಭಿಪ್ರಾಯ ಕೇಳಿದರೆ ಜನ ಪ್ರಶ್ನೆ ಕೇಳುವುದಿಲ್ಲ, ಜಗಳಕ್ಕೇ ನಿಲ್ಲುತ್ತಾರೆ.

ತಜ್ಞರೂ ತಮ್ಮ ಮಾತಿನ ತೂಕ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೇಶದ ಆರು ವಿಜ್ಞಾನ ಅಕಾಡೆಮಿಗಳು ಬಿಟಿ ಬದನೆಯ ಸೀಮಿತ ಬಿಡುಗಡೆಯನ್ನು ಬೆಂಬಲಿಸಿ ಜಂಟಿ ವರದಿ ಕೊಟ್ಟವು. ಅದರಲ್ಲಿನ ಕೆಲವು ಸಾಲುಗಳು ಜೈವಿಕ ತಂತ್ರಜ್ಞಾನದ ಪರವಾದ ಲೇಖನವೊಂದರಿಂದ ಯಥಾವತ್ತಾಗಿ ಎತ್ತಿದವೆಂದು ಬಯಲಾಯಿತು. ಡಿಸೆಂಬರ್‌ನಲ್ಲಿ ತಿದ್ದಿದ ಪ್ರತಿ ಬಂದರೂ ಹೋದ ಮಾನ ಬರಲಿಲ್ಲ. ಜಿಇಎಸಿಯ ಹೆಸರಿನಲ್ಲಿದ್ದ 'ಅನುಮೋದನೆ' ಅದೇ ವರ್ಷ 'ಮೌಲ್ಯಮಾಪನ'ವಾಯಿತು.

ಇದೇ ಬದನೆಗೆ ಬಾಂಗ್ಲಾದೇಶ 2013ರಲ್ಲಿ ಅನುಮತಿ ನೀಡಿತು. ಭಾರತದಲ್ಲಿ 2010ರ ತಡೆ ತೆರವಾಗಿಲ್ಲ.