ಸೋಲು ತಿಳಿದ ಗಳಿಗೆ, ಸೋಲು ಹುಟ್ಟಿದ ಗಳಿಗೆ: 1987ರ ಬೆಂಗಳೂರು ಟೆಸ್ಟ್‌ನ ಸ್ಕೋರ್‌ಪಟ್ಟಿಯ ಮರುಓದು

ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ ಕ್ರಿಕೆಟ್ ಬಲ್ಲ ಹಿರಿಯರ ಮುಂದೆ 1987ರ ಬೆಂಗಳೂರು ಟೆಸ್ಟ್‌ನ ಮಾತೆತ್ತಿದರೆ ಉತ್ತರ ಒಂದೇ: ಗವಾಸ್ಕರ್ ಔಟಾದರು, ಪಂದ್ಯ ಕೈತಪ್ಪಿತು. ಭಾರತ–ಪಾಕಿಸ್ತಾನ ಕ್ರಿಕೆಟ್ ಕುರಿತ ಬರಹಗಳಲ್ಲಿಯೂ ಈ ಮಾತೇ ಬೇರೆ ಬೇರೆ ರೂಪದಲ್ಲಿ ನೆಲೆನಿಂತಿದೆ. ಗವಾಸ್ಕರ್ ಅವರ ಆ ಇನಿಂಗ್ಸ್‌ನ ಹಿರಿಮೆ ಪ್ರಶ್ನಾತೀತ. ಆದರೆ ಸೋಲಿಗೆ ಕೊಡುವ ಆ ಕಾರಣವನ್ನು ಸ್ಕೋರ್‌ಪಟ್ಟಿ ಬೆಂಬಲಿಸುವುದಿಲ್ಲ ಎಂಬುದು ಈ ಲೇಖನದ ವಾದ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದು. ಈ ಎರಡು ದೇಶಗಳ ನಡುವಿನ ಮೊದಲ ಟೆಸ್ಟ್ ಸರಣಿ 1952ರಲ್ಲಿ ಭಾರತದಲ್ಲಿ ನಡೆಯಿತು. ಭಾರತ 2–1ರಿಂದ ಗೆದ್ದಿತು. ಮುಂದಿನ ಎರಡು ಸರಣಿಗಳ ಹತ್ತೂ ಪಂದ್ಯಗಳು ಡ್ರಾ ಆದವು. 1961ರಿಂದ 1978ರವರೆಗೆ ಆಟವೇ ನಿಂತಿತ್ತು; ನಡುವೆ ಎರಡು ಯುದ್ಧಗಳು ನಡೆದಿದ್ದವು. ಸೋಲಬಾರದೆಂಬ ಭಯ ಗೆಲ್ಲಬೇಕೆಂಬ ಆಸೆಯನ್ನು ಮೀರಿದ್ದ ಕಾಲ ಅದು. 1987ರ ಸರಣಿಯಲ್ಲಿಯೂ ಮದ್ರಾಸ್, ಕಲ್ಕತ್ತ, ಜೈಪುರ, ಅಹಮದಾಬಾದ್‌ನ ನಾಲ್ಕು ಟೆಸ್ಟ್‌ಗಳು ಡ್ರಾ ಆದವು. ಐದನೆಯದು ಮಾರ್ಚ್ 13ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರಂಭವಾಯಿತು. ಪಾಕಿಸ್ತಾನ 116 ಮತ್ತು 249. ಭಾರತ 145 ಮತ್ತು 204. ಇಮ್ರಾನ್ ಖಾನ್ ತಂಡ 16 ರನ್‌ಗಳಿಂದ ಗೆದ್ದು, ಭಾರತದ ನೆಲದಲ್ಲಿ ಪಾಕಿಸ್ತಾನಕ್ಕೆ ಮೊದಲ ಟೆಸ್ಟ್ ಸರಣಿಯನ್ನು ತಂದುಕೊಟ್ಟಿತು. ಗವಾಸ್ಕರ್ ಅವರ ಕೊನೆಯ ಟೆಸ್ಟ್ ಇದೇ. 1979ರಲ್ಲಿ ಇದೇ ಮೈದಾನದಲ್ಲಿ, ಇದೇ ಎದುರಾಳಿಯ ಮೇಲೆ ಟೆಸ್ಟ್ ಬದುಕು ಆರಂಭಿಸಿದ್ದ ನಮ್ಮ ರೋಜರ್ ಬಿನ್ನಿ ಅವರಿಗೂ ಇದೇ ಕೊನೆಯದಾಯಿತು.

ಸೋಲಿಗೆ ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ. ಮೊದಲನೆಯದು ಪಿಚ್. ನಲವತ್ತು ವಿಕೆಟ್‌ಗಳಿಗೆ ಒಟ್ಟು ಬಂದ ರನ್ 714; ವಿಕೆಟ್‌ಗೆ ಹದಿನೆಂಟೂ ಇಲ್ಲ. ರನ್ ಏಕೆ ಕಡಿಮೆಯಾಯಿತೆಂಬುದನ್ನು ಇದು ವಿವರಿಸುತ್ತದೆ, ಯಾರು ಗೆದ್ದರೆಂಬುದನ್ನಲ್ಲ. ನಾಲ್ಕನೆಯ ಇನಿಂಗ್ಸ್ ಆಡುವ ಕಷ್ಟ ಭಾರತದ ಪಾಲಿಗೆ ಬಂದದ್ದು ನಿಜ. ಆದರೆ ಮೊದಲ ಇನಿಂಗ್ಸ್‌ನ 29 ರನ್‌ಗಳ ಮುನ್ನಡೆಯೂ ಭಾರತದ್ದೇ ಆಗಿತ್ತು.

ಎರಡನೆಯದು ಸ್ಪಿನ್ನರ್‌ಗಳ ಹೋಲಿಕೆ. ಮಣಿಂದರ್ ಸಿಂಗ್ ಚೆಂಡನ್ನು ಅತಿಯಾಗಿ ತಿರುಗಿಸಿದರು, ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹಮದ್ ನೇರಕ್ಕೆ ಹಾಕಿ ಗೆದ್ದರು ಎಂಬ ವಿವರಣೆ ಬಹಳ ಹಳೆಯದು. ಪಂದ್ಯದ ನಡುವೆ ಬಿಷನ್ ಸಿಂಗ್ ಬೇಡಿ ಅವರೇ ಪಾಕಿಸ್ತಾನದವರಿಗೆ ಈ ಸಲಹೆ ಕೊಟ್ಟರೆಂಬ ಕಥೆಯೂ ಕ್ರಿಕೆಟ್ ವಲಯದಲ್ಲಿ ಪ್ರಚಲಿತ. ಲೆಕ್ಕ ನೋಡೋಣ. ಮಣಿಂದರ್ 27ಕ್ಕೆ 7, 99ಕ್ಕೆ 3: ಒಟ್ಟು 126 ರನ್‌ಗೆ 10, ಅಂದರೆ ವಿಕೆಟ್‌ಗೆ 12.6. ಖಾಸಿಂ 121ಕ್ಕೆ 9, ತೌಸೀಫ್ 139ಕ್ಕೆ 9. ಸರಾಸರಿ ಕ್ರಮವಾಗಿ 13.4 ಮತ್ತು 15.4. ಮೂವರಲ್ಲಿ ಮಣಿಂದರ್ ಅವರದೇ ಮೇಲು. ಎರಡನೆಯ ಇನಿಂಗ್ಸ್ ಒಂದನ್ನೇ ನೋಡಿದರೆ ಮಾತ್ರ ಆ ವಿವರಣೆಗೆ ಬಲ ಬರುತ್ತದೆ: ಅಲ್ಲಿ ಮಣಿಂದರ್ ವಿಕೆಟ್‌ಗೆ 33 ರನ್ ಕೊಟ್ಟಿದ್ದಾರೆ. ಹಾಗಾದರೆ ಪ್ರಶ್ನೆ ಶೈಲಿಯದಲ್ಲ, ಆ ಇನಿಂಗ್ಸ್‌ನದು. ಅಲ್ಲಿ ಏನಾಯಿತು?

ಇಲ್ಲಿಂದಲೇ ಮೂರನೆಯ, ಮುಖ್ಯವಾದ ವಿವಾದಕ್ಕೆ ಬರಬೇಕು. ಗವಾಸ್ಕರ್ 264 ಎಸೆತಗಳಲ್ಲಿ 96 ಗಳಿಸಿ, ಖಾಸಿಂ ಬೌಲಿಂಗ್‌ನಲ್ಲಿ ರಿಜ್ವಾನ್‌ಗೆ ಕ್ಯಾಚಿತ್ತಾಗ ಭಾರತದ ಮೊತ್ತ 8 ವಿಕೆಟ್‌ಗೆ 180, ಬೇಕಿದ್ದದ್ದು 41. ಅಲ್ಲಿಯವರೆಗಿನ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಅವರೊಬ್ಬರದೇ. ಆ ಗಳಿಗೆಯಲ್ಲಿ ಸೋಲು ಕಣ್ಣಿಗೆ ಬಿದ್ದದ್ದು ಸಹಜ. ಆದರೆ ಸೋಲು ತಿಳಿದ ಗಳಿಗೆಯೇ ಸೋಲು ಹುಟ್ಟಿದ ಗಳಿಗೆ ಆಗಬೇಕಿಲ್ಲ.

ಪಾಕಿಸ್ತಾನದ ಎರಡನೆಯ ಇನಿಂಗ್ಸ್ 8 ವಿಕೆಟ್‌ಗೆ 198 ಆಗಿದ್ದಾಗ ಅದರ ಒಟ್ಟು ಮುನ್ನಡೆ 169. ಆಗಲೇ ಇನಿಂಗ್ಸ್ ಮುಗಿದಿದ್ದರೆ ಗುರಿ 170. ವಿಕೆಟ್‌ಕೀಪರ್ ಸಲೀಂ ಯೂಸುಫ್ ಅಜೇಯ 41 ಗಳಿಸಿ, ತೌಸೀಫ್ ಜೊತೆ ಒಂಬತ್ತನೆಯ ವಿಕೆಟ್‌ಗೆ 51 ಸೇರಿಸಿದರು. ಗುರಿ 221ಕ್ಕೇರಿತು. ಭಾರತ 170 ದಾಟಿದಾಗ ಗವಾಸ್ಕರ್ ಇನ್ನೂ ಕ್ರೀಸ್‌ನಲ್ಲಿದ್ದರು.

ಬಾಲಂಗೋಚಿಗಳು ಒಂದೂ ರನ್ ಮಾಡಬಾರದಿತ್ತೆಂದು ವಾದಿಸುವುದು ಅನ್ಯಾಯ. ಆದ್ದರಿಂದ ಅಳತೆಗೋಲನ್ನು ಬಿಗಿ ಮಾಡೋಣ. ಭಾರತದ ಕೊನೆಯ ಎರಡು ವಿಕೆಟ್‌ಗಳು, ಅದೂ ಕೊನೆಯ ದಿನದ ಪಿಚ್‌ನಲ್ಲಿ, 24 ರನ್ ಸೇರಿಸಿದವು. ಪಾಕಿಸ್ತಾನದ ಕೊನೆಯ ಎರಡೂ ಅಷ್ಟೇ ಸೇರಿಸಿದ್ದರೆ ಗುರಿ 194 ಆಗುತ್ತಿತ್ತು. ಭಾರತ ಗಳಿಸಿದ್ದು 204. ಇದಕ್ಕೆ ಎರಡನೆಯ ದಿನದ ಕುಸಿತವನ್ನೂ ಸೇರಿಸಿ ನೋಡಬೇಕು: 4 ವಿಕೆಟ್‌ಗೆ 126 ಇದ್ದ ಭಾರತ 145ಕ್ಕೆ ಮುಗಿಯಿತು. ಆರು ವಿಕೆಟ್, 19 ರನ್. ನನ್ನ ಪ್ರತಿಪಾದನೆ ಇಷ್ಟು: ಈ 19 ಮತ್ತು ಆ 51ರ ನಡುವೆ ಸೋಲು ಹುಟ್ಟಿತು, ಗವಾಸ್ಕರ್ ಅದನ್ನು ಬಹುಪಾಲು ಅಳಿಸಿದ್ದರು.

ಈ ಮಾತಿಗೆ ಕೆಲವು ಮಿತಿಗಳನ್ನು ನಾನೇ ಹಾಕಬೇಕು. 16 ರನ್‌ಗಳ ಅಂತರವನ್ನು ಸ್ಕೋರ್‌ಪಟ್ಟಿಯ ಯಾವ ಮೂಲೆಯಲ್ಲಾದರೂ ಹುಡುಕಿ ತೋರಿಸಬಹುದು. ಗುರಿ 194 ಆಗಿದ್ದರೆ ಇಮ್ರಾನ್ ಫೀಲ್ಡಿಂಗ್ ಬೇರೆ ರೀತಿ ನಿಲ್ಲಿಸುತ್ತಿದ್ದರು, ಗವಾಸ್ಕರ್ ಬೇರೆ ರೀತಿ ಆಡುತ್ತಿದ್ದರು. ಆಗದ ಇನಿಂಗ್ಸ್‌ಗೆ ಆದ ಇನಿಂಗ್ಸ್‌ನ ಮೊತ್ತವನ್ನು ಹಾಗೆಯೇ ಒಯ್ಯಲಾಗದು. ಯೂಸುಫ್ ಮೂಲತಃ ಬಾಲಂಗೋಚಿಯೂ ಅಲ್ಲ. ಹೀಗಾಗಿ ಇದು ಪುರಾವೆಯ ಒಲವು ಮಾತ್ರ, ತೀರ್ಪಲ್ಲ. ಆದರೂ ಪಿಚ್ ಮತ್ತು ಶೈಲಿಯ ವಿವರಣೆಗಳಿಗಿಂತ ಇದು ಅಂಕಿಗಳಿಗೆ ಹತ್ತಿರವಿದೆ ಎಂದು ನಂಬಿದ್ದೇನೆ.

ವಿಧಾನದ ಬಗ್ಗೆ ಒಂದು ಮಾತು. ಸುಗಟೂರು ಪಾಳೆಯಗಾರರ ನೆಲ. ಇಲ್ಲಿನ ಚರಿತ್ರೆ ಬರೆಯುವವರು ಊರ ಐತಿಹ್ಯವನ್ನು 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದ ಪಕ್ಕದಲ್ಲಿಟ್ಟು ಓದುವುದನ್ನು ಕಲಿತಿದ್ದಾರೆ. ಐತಿಹ್ಯ ಜನ ಏನನ್ನು ಪ್ರೀತಿಸಿದರೆಂದು ಹೇಳುತ್ತದೆ, ಶಾಸನ ಏನು ನಡೆಯಿತೆಂದು. ಎರಡೂ ಬೇಕು, ಆದರೆ ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಬಾರದು. ಕ್ರಿಕೆಟ್ ಚರಿತ್ರೆಗೂ ಇದೇ ಶಿಸ್ತು ಸಲ್ಲಬೇಕು.

ಉಳಿದಿರುವ ಪ್ರಶ್ನೆ ಚಿಕ್ಕದಲ್ಲ. ಆ 51 ರನ್‌ಗಳ ಜೊತೆಯಾಟದಲ್ಲಿ ಕಪಿಲ್ ದೇವ್ ಯಾರಿಗೆ ಎಷ್ಟು ಓವರ್ ಕೊಟ್ಟರು, ಫೀಲ್ಡರ್‌ಗಳನ್ನು ಎಲ್ಲಿ ನಿಲ್ಲಿಸಿದ್ದರು ಎಂಬುದನ್ನು ಮುದ್ರಿತ ಸ್ಕೋರ್‌ಪಟ್ಟಿ ಹೇಳುವುದಿಲ್ಲ. ಎಸೆತವಾರು ಬರೆದ ಸ್ಕೋರ್ ಪುಸ್ತಕವನ್ನು ಅಭ್ಯಸಿಸಿದವರು ನನ್ನ ವಾದವನ್ನು ಬಲಪಡಿಸಬಹುದು, ಕೆಡವಲೂಬಹುದು. ಅಲ್ಲಿಯವರೆಗೆ, ಗವಾಸ್ಕರ್ ಅವರ 96ರ ಪಕ್ಕದಲ್ಲಿ ಯೂಸುಫ್ ಅವರ 41ನ್ನೂ ಇಟ್ಟು ಈ ಟೆಸ್ಟ್‌ನ ಕಥೆ ಹೇಳಬೇಕೆಂಬುದಷ್ಟೇ ನನ್ನ ಕೋರಿಕೆ.